ಉಸಿರಿನ ಜೊತೆ ಒಳಗೆ ಹೋಗುವ ಬೂಷ್ಟು

ಮಳೆಗಾಲದಲ್ಲಿ ಮುಂಬೈಯ ಮನೆಗಳ ಗೋಡೆಗೆ ಕಪ್ಪು, ಹಸಿರು ಬೂಷ್ಟು ಹಿಡಿಯೋದನ್ನು ನೀವು ನೋಡಿಯೇ ಇರುತ್ತೀರಿ. ಉರ್ದುವಿನಲ್ಲಿ ಇದಕ್ಕೆ ಫಫೂಂದ್ ಅಂತೀವಿ. ಇದರ ಒಂದು ಕುಲದ ಹೆಸರು ಆಸ್ಪರ್ಜಿಲಸ್. 1729ರಲ್ಲಿ ಇಟಲಿಯ ಸಸ್ಯವಿಜ್ಞಾನಿ ಮಿಕೇಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಚರ್ಚಿನಲ್ಲಿ ಪವಿತ್ರ ನೀರು ಚಿಮುಕಿಸುವ ಸಾಧನದ ಹಾಗೆ ಕಂಡಿದ್ದರಿಂದ ಆ ಹೆಸರನ್ನೇ ಇಟ್ಟರು.

ಇದರ ಬೀಜಕಣಗಳು ಎಷ್ಟು ಸಣ್ಣವೆಂದರೆ, ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು-ಮೂರು ಪಾಲು ಮಾತ್ರ. ದಿನಕ್ಕೆ ನೂರಾರು ಕಣ ನಮ್ಮೆಲ್ಲರ ಶ್ವಾಸಕೋಶಕ್ಕೆ ಹೋಗುತ್ತವೆ. ಆದರೂ ನಮಗೆ ಏನೂ ಆಗೋದಿಲ್ಲ, ಯಾಕೆಂದರೆ ಅಲ್ಲಿರುವ ಕಾವಲು ಕಣಗಳು ಅವನ್ನು ನುಂಗಿಬಿಡುತ್ತವೆ. ತಪ್ಪಿಸಿಕೊಂಡು ಮೊಳಕೆ ಒಡೆದದ್ದನ್ನು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕೊಲ್ಲುತ್ತವೆ.

ಈಗ ರಕ್ತದ ಕ್ಯಾನ್ಸರಿಗೆ ಕೀಮೋ ತಗೊಳ್ಳುತ್ತಿರುವವರನ್ನು ಯೋಚಿಸಿ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1500ಕ್ಕಿಂತ ಹೆಚ್ಚು ಇರಬೇಕಾದ ನ್ಯೂಟ್ರೋಫಿಲ್ ಅವರಲ್ಲಿ 500ಕ್ಕಿಂತ ಕೆಳಗೆ ಇಳಿಯಬಹುದು. ಅದೇ ಗಾಳಿ, ಅದೇ ಬೂಷ್ಟು, ಆದರೆ ಕಾವಲಿಲ್ಲ. ಬೂಷ್ಟಿನ ಎಳೆಗಳು ರಕ್ತನಾಳದೊಳಗೆ ನುಗ್ಗಿ ಅದನ್ನು ಮುಚ್ಚುತ್ತವೆ, ಆ ಭಾಗ ಸಾಯುತ್ತದೆ. ಮಜ್ಜೆ ಅಥವಾ ಕಿಡ್ನಿ ಕಸಿ ಆದವರಿಗೆ, ಬಹಳ ದಿನ ಹೆಚ್ಚಿನ ಪ್ರಮಾಣದಲ್ಲಿ ಸ್ಟಿರಾಯ್ಡ್ ನುಂಗಿದವರಿಗೂ ಈ ಅಪಾಯ ಇದೆ.

ಆಂಟಿಬಯೋಟಿಕ್ ಕೊಟ್ಟರೂ ಇಳಿಯದ ಜ್ವರ, ಒಣ ಕೆಮ್ಮು, ಉಸಿರೆಳೆದಾಗ ಎದೆನೋವು, ಕಫದಲ್ಲಿ ರಕ್ತ. ಇಷ್ಟು ಹೇಳಿದರೆ ನಮ್ಮಲ್ಲಿ ಎಲ್ಲರ ಬಾಯಲ್ಲಿ ಬರೋದು ಟಿಬಿ. ಟಿಬಿ ಪರೀಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಫದಲ್ಲಿ ಏನೂ ಸಿಗದಿದ್ದರೂ ಅಂದಾಜಿನ ಮೇಲೆ ಟಿಬಿ ಮಾತ್ರೆ ಶುರುವಾದರೆ ಎರಡು ನಷ್ಟ. ದಿನಗಳು ಹೋಗುತ್ತವೆ. ಜೊತೆಗೆ ಟಿಬಿಯ ರಿಫಾಂಪಿಸಿನ್, ಬೂಷ್ಟಿಗೆ ಕೊಡುವ ವೊರಿಕೊನಜೋಲ್ ಔಷಧಿ ರಕ್ತದಲ್ಲಿ ನಿಲ್ಲದಂತೆ ಮಾಡುತ್ತದೆ. ಮೊದಮೊದಲು ಎಕ್ಸ್-ರೇಯಲ್ಲಿ ಏನೂ ಕಾಣದೆ ಇರಬಹುದು; ಸಿಟಿ ಸ್ಕ್ಯಾನ್ ಮತ್ತು ಗ್ಯಾಲಕ್ಟೋಮನ್ನನ್ ಎಂಬ ಪರೀಕ್ಷೆ ಬೇಕಾಗುತ್ತದೆ. 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ವೊರಿಕೊನಜೋಲ್ ಪಡೆದವರಲ್ಲಿ ನೂರಕ್ಕೆ 71 ಮಂದಿ 12 ವಾರಗಳ ನಂತರ ಬದುಕಿದ್ದರು, ಹಳೆಯ ಆಂಫೊಟೆರಿಸಿನ್ ಪಡೆದವರಲ್ಲಿ 58. ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ, ಜ್ವರ ಬಿಟ್ಟಿತು ಅಂತ ನಿಲ್ಲಿಸುವ ಹಾಗಿಲ್ಲ.

ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ ಇನ್ನೊಂದು ಶಿಲೀಂಧ್ರ ಬರುತ್ತದೆ, ನ್ಯೂಮೊಸಿಸ್ಟಿಸ್. 1981ರಲ್ಲಿ ಲಾಸ್ ಏಂಜಲೀಸಿನ ಐವರು ಯುವಕರಲ್ಲಿ ಇದು ಕಂಡಾಗಲೇ ಏಡ್ಸ್ ಎಂಬ ಕಾಯಿಲೆಯ ಮೊದಲ ವರದಿ ಹೊರಬಿತ್ತು. ನಾಲ್ಕು ಹೆಜ್ಜೆ ನಡೆದರೆ ದಮ್ಮು ಹತ್ತುತ್ತದೆ. ಇದನ್ನು ಕೊಟ್ರೈಮಾಕ್ಸಜೋಲ್ ಎಂಬ ಅಗ್ಗದ ಮಾತ್ರೆ ತಡೆಯಬಲ್ಲದು.

ಹಾಗಾಗಿ ಡಾಕ್ಟರ ಹತ್ತಿರ ಹೋದಾಗ ಕೆಮ್ಮಿನ ಕಥೆಗಿಂತ ಮೊದಲು ಹೇಳಬೇಕಾದ್ದು: ಕೀಮೋ ನಡೀತಿದೆ, ಕಸಿ ಆಗಿದೆ, ಸ್ಟಿರಾಯ್ಡ್ ತಗೊಂಡಿದ್ದೀನಿ. ಮೊಣಕಾಲು ನೋವಿಗೆ ಮೆಡಿಕಲ್ ಅಂಗಡಿಯಿಂದ ತಂದ ಪುಡಿ, ಮಾತ್ರೆಯನ್ನೂ ತೋರಿಸಿ. (ಸ್ಟಿರಾಯ್ಡನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ.) ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಬೆಳಗಾಗಲಿ ಅಂತ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಆಸ್ಪರ್ಜಿಲಸ್ ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ. ರೋಗಿಯ ತಟ್ಟೆ-ಲೋಟ ಬೇರೆ ಇಡಬೇಕಾಗಿಲ್ಲ. ದೂರ ಇಡಬೇಕಾದ್ದು ಪಕ್ಕದ ಕಟ್ಟಡ ಒಡೆಯುವ ಧೂಳನ್ನು, ತೇವದ ಗೋಡೆಯನ್ನು, ನೋಡಲು ಬಂದವರು ಪ್ರೀತಿಯಿಂದ ತರುವ ಹೂಕುಂಡವನ್ನು.