ಮುಳ್ಳು ಕೆಂಪು ಗೆರೆ ಮುಟ್ಟಿದಾಗ

ಶಿರಾಡಿ ಘಾಟಿ ಹತ್ತುವಾಗ ನನ್ನ ಹಳೇ ಕಾರಿನ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಸಕಲೇಶಪುರ ಇನ್ನು ಹತ್ತೇ ಕಿಲೋಮೀಟರ್ ಅಂತ ಓಡಿಸಿಬಿಟ್ಟೆ. ಅದಕ್ಕೆ ತೆತ್ತದ್ದು ಒಂದು ತಿಂಗಳ ಮನೆ ಬಾಡಿಗೆಯಷ್ಟು!

ಎಂಜಿನ್ ಬ್ಲಾಕ್ ಮತ್ತು ಸಿಲಿಂಡರ್ ಹೆಡ್ ನಡುವೆ ಕೂರುವ ತೆಳು ಹಾಳೆಯೇ ಹೆಡ್ ಗ್ಯಾಸ್ಕೆಟ್. ಉರಿಯುವ ಅನಿಲ, ಆಯಿಲ್, ಕೂಲಂಟ್ ಒಂದಕ್ಕೊಂದು ಬೆರೆಯದಂತೆ ತಡೆಯೋದು ಅದೇ. ಎಂಜಿನ್ ವಿಪರೀತ ಕಾದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತೆ. ಮೆಕ್ಯಾನಿಕ್ ಆಯಿಲ್ ಮುಚ್ಚಳ ತೆಗೆದು ತೋರಿಸಿದರು: ಹಾಲು ಹೆಚ್ಚಾದ ಕಾಫಿ ಬಣ್ಣದ ಜಿಡ್ಡು. ಎರಡು ತಿಂಗಳಿಂದ ಕೂಲಂಟ್ ಇಳೀತಿತ್ತು, ನೀರು ತುಂಬಿಸ್ತಿದ್ದೆ ಅಂದೆ. "ಅದೆಲ್ಲಿ ಹೋಗ್ತಿದೆ ಅಂತ ನೋಡ್ಲಿಲ್ವಾ ಸರ್?" ಸರ್ವರ್ ಅಲರ್ಟ್‌ಗೆ ಮಧ್ಯರಾತ್ರಿ ಎದ್ದು ಕೂರುವ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ತಿಂಗಳಿಗೆರಡು ಸಲ, ಎಂಜಿನ್ ತಣ್ಣಗಿರುವಾಗ, ಕೂಲಂಟ್ ಮಟ್ಟ ನೋಡ್ತೀನಿ. ಮುಳ್ಳು ಏರಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್. ಬಿಸಿ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಲ್ಲ.