40 ಕಿಲೋಮೀಟರ್ ಉದ್ದದ ಕಿವಿ

2015ರ ಸೆಪ್ಟೆಂಬರ್ 14. ಅಮೆರಿಕದ ಲೈಗೋ ವೀಕ್ಷಣಾಲಯದಲ್ಲಿ 4 ಕಿಲೋಮೀಟರ್ ಉದ್ದದ ತೋಳು ಒಂಚೂರು ಹಿಗ್ಗಿ ಕುಗ್ಗಿತು. ಎಷ್ಟು? ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲೂ ಇಲ್ಲ! ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಗುರುತ್ವ ಅಲೆ ಅದು. ನಮ್ಮನ್ನು ಮುಟ್ಟಲು ಸುಮಾರು 130 ಕೋಟಿ ವರ್ಷ ಹಿಡಿದಿತ್ತು.

ಮುಂದಿನ ಯೋಜನೆ ಕಾಸ್ಮಿಕ್ ಎಕ್ಸ್‌ಪ್ಲೋರರ್. ಅದರ ತೋಳು 40 ಕಿಲೋಮೀಟರ್! ಯುರೋಪಿನ ಐನ್‌ಸ್ಟೈನ್ ಟೆಲಿಸ್ಕೋಪ್ ನೆಲದಡಿ 200 ಮೀಟರಿಗೂ ಆಳದಲ್ಲಿ ಬರಲಿದೆ. ಮೇಲಿನ ನಡುಕ ತಾಗಬಾರದಲ್ಲ! ಅದರ ತೋಳುಗಳ ಕೆಲವು ಕನ್ನಡಿಗಳನ್ನು ಮೈನಸ್ 250 ಡಿಗ್ರಿಗಿಂತ ಕೆಳಗೆ ತಣಿಸುತ್ತಾರೆ.

ಯಾಕಿಷ್ಟು ಪಾಡು? ಮೊದಲ ನಕ್ಷತ್ರಗಳು ಹುಟ್ಟುವ ಮುಂಚೆಯೇ ಕಪ್ಪುಕುಳಿಗಳಿದ್ದವೇ? ಇದ್ದಿದ್ದರೆ, ಅವು ಡಿಕ್ಕಿಯಾದ ಸದ್ದು ಇವಕ್ಕೆ ಕೇಳಿಸೀತು.

ಮಹಾರಾಷ್ಟ್ರದ ಹಿಂಗೋಲಿಯ ಲೈಗೋ-ಇಂಡಿಯಾಗೂ 2023ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದೆ. ಭೌತಶಾಸ್ತ್ರ ಓದುತ್ತಿರುವವರೇ, ಈ ಕ್ಷೇತ್ರದತ್ತ ಒಮ್ಮೆ ನೋಡಿ.