ಘಟ್ಟ ಇಳಿದ ಕಾಫಿಯ ಬಂದರು

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕೈ ತೊಳೆಯುವಷ್ಟರಲ್ಲಿ ಮಂಜು ರಸ್ತೆಗೇ ಇಳಿದಿತ್ತು. ಮೂಡಿಗೆರೆ, ಕಳಸದ ಕಡೆಯ ನಾವು ಚಾರ್ಮಾಡಿ ಇಳಿಯುವುದು ಆಸ್ಪತ್ರೆಗೋ, ಧರ್ಮಸ್ಥಳಕ್ಕೋ, ಮಕ್ಕಳ ಕಾಲೇಜಿಗೋ. ಈ ಫೆಬ್ರವರಿಯಲ್ಲಿ, ಕಣದಲ್ಲಿ ಕಾಫಿ ಚೆರಿ ಒಣಗುತ್ತಿರುವಾಗಲೇ, ನಾನು ಹೊರಟದ್ದು ಮಂಗಳೂರಿನ ಹಳೆ ಬಂದರು ನೋಡಲಿಕ್ಕೆ. ಜಾವಳಿಯ ಹೇಮಾವತಿ ಪೂರ್ವಕ್ಕೆ ಹರಿದು ಕಾವೇರಿಯ ಪಾಲಾಗುತ್ತಾಳೆ. ಚಾರ್ಮಾಡಿಯ ಅಂಚಿನಿಂದ ಪಡುವಣಕ್ಕೆ ಜಾರಿದ ಮಳೆ ಮೃತ್ಯುಂಜಯ ಹೊಳೆಯಾಗಿ ನೇತ್ರಾವತಿಗೆ ಬಿದ್ದು ಮಂಗಳೂರಿನ ಅಳಿವೆ ಸೇರುತ್ತದೆ. ನಮ್ಮ ಕಾಫಿ ಹಿಡಿದದ್ದೂ ಆ ನೀರಿನ ದಿಕ್ಕನ್ನೇ.

ಬಂದರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬರುತ್ತದೆ. ಒಣಮೆಣಸು, ಒಣಮೀನು, ಒದ್ದೆ ಗೋಣಿ, ಡೀಸೆಲ್ ಎಲ್ಲ ಒಂದರ ಮೇಲೊಂದು. ಅಜೀಜುದ್ದೀನ್ ರಸ್ತೆಯ ಆಚೀಚೆ ಹೆಂಚಿನ ಮಾಡಿನ ಹಳೇ ಮಳಿಗೆಗಳು. ನೆಲದಲ್ಲಿ ಮೂಟೆ, ಅಟ್ಟದಲ್ಲೂ ಮೂಟೆ, ನಡುವೆ ಮೇಜಿನ ಹಿಂದೆ ಲೆಕ್ಕ ಬರೆಯುವ ಒಬ್ಬ ಸಾಹುಕಾರರು. ತಲೆಗೆ ಬೈರಾಸು ಸುತ್ತಿದವರು ಮೂಟೆ ಹೊತ್ತು ಓಡುವಾಗ ಪಕ್ಕಕ್ಕೆ ಸರಿಯಬೇಕಾದದ್ದು ನಾವೇ. ಬ್ಯಾರಿ, ತುಳು, ಕೊಂಕಣಿ, ಮಲಯಾಳ ಒಂದೇ ಬಾಯಲ್ಲಿ ಬಂದುಹೋಗುತ್ತವೆ. ನನ್ನ ಕನ್ನಡ ಕೇಳಿದವರೊಬ್ಬರು ಮೂಟೆ ಇಳಿಸಿ, "ಘಟ್ಟದ ಮೇಲಿನವರಾ ಮಾರಾಯ್ರೆ?" ಎಂದು ನಕ್ಕರು.

ಬೀದಿ ಮುಗಿದಲ್ಲಿ ಧಕ್ಕೆ. ಲಕ್ಷದ್ವೀಪಕ್ಕೆ ಹೋಗುವ ಮಂಜಿ ಎಂಬ ಸರಕು ಹಡಗೊಂದಕ್ಕೆ ಈರುಳ್ಳಿ, ಸಿಮೆಂಟು, ತರಕಾರಿ ತುಂಬುತ್ತಿದ್ದರು. ಒಂದು ಇಡೀ ದ್ವೀಪದ ಅಡುಗೆಮನೆ, ಕಟ್ಟೋಣ ಎರಡೂ ಮರದ ಒಂದು ಹೊಟ್ಟೆಯೊಳಗೆ! ಅತ್ತ ಮೀನಿನ ಧಕ್ಕೆಯಲ್ಲಿ ಬಂಗುಡೆ, ಬೂತಾಯಿಯ ರಾಶಿಗೆ ಮಂಜುಗಡ್ಡೆಯ ಪುಡಿ ಸುರಿಯುವ ಗರಗರ ಸದ್ದು. ಎದುರಿಗೆ, ಹೊಳೆಗೂ ಕಡಲಿಗೂ ನಡುವೆ ಚಾಚಿದ ಮರಳಿನ ನಾಲಿಗೆ, ಬೆಂಗ್ರೆ. ದೋಣಿಯಲ್ಲಿ ದಾಟಿ ತಿರುಗಿ ನೋಡಿದರೆ ಬೆನ್ನ ಹಿಂದಿನ ಬಹುಮಹಡಿಯ ಮಂಗಳೂರು ಬೇರೆ ಯಾರದೋ ಊರಿನಂತೆ ಕಾಣುತ್ತದೆ.

ಈ ನೀರಿನಂಚಿನ ನೆನಪು ಬಹಳ ಹಿಂದಕ್ಕೆ ಹೋಗುತ್ತದೆ. 12ನೇ ಶತಮಾನದಲ್ಲಿ ಟ್ಯುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಇಲ್ಲಿ ವರ್ಷಗಟ್ಟಲೆ ನೆಲೆಸಿ ಏಡನ್ನಿಗೆ ಮೆಣಸು, ಅಡಿಕೆ ಕಳಿಸುತ್ತಿದ್ದ; ಅವನ ಪತ್ರಗಳು ಸಿಕ್ಕಿದ್ದು ದೂರದ ಕೈರೋದಲ್ಲಿ. ಬಂದರಿನ ಜೀನತ್ ಬಕ್ಷ್ ಮಸೀದಿಯ ಕೆತ್ತನೆಯ ಮರದ ಕಂಬಗಳ ತಂಪಿನಲ್ಲಿ ನಿಂತಾಗ, ಆ ಮರ ಇಳಿದು ಬಂದದ್ದೂ ನಮ್ಮ ಕಾಡಿನಿಂದಲೋ ಏನೋ ಅನ್ನಿಸಿತು. ಮಲೆನಾಡಿಗನ ಜಂಬ, ಅಷ್ಟೆ. ಹಳೇ ಎತ್ತಿನ ಗಾಡಿಗಳು ಕಾಫಿ ಇಳಿಸಿ, ಉಪ್ಪು, ಒಣಮೀನು, ಹೆಂಚು ಹೇರಿಕೊಂಡು ಘಟ್ಟ ಹತ್ತುತ್ತಿದ್ದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ತೋಟದ ಮನೆಗಳ ಹುಲ್ಲಿನ ಮಾಡು ಕೆಂಪಾಗುತ್ತ ಬಂತು.

ಕಾಫಿಗಂತೂ ಇಲ್ಲಿನ ಗಾಳಿ ಬಣ್ಣವನ್ನೇ ಬದಲಿಸಿತು. ಹಾಯಿಹಡಗಿನ ಕಾಲದಲ್ಲಿ ಆಫ್ರಿಕಾದ ತುದಿ ಸುತ್ತಿ ಯೂರೋಪು ಮುಟ್ಟಲು ತಿಂಗಳುಗಟ್ಟಲೆ ಬೇಕಿತ್ತು. ಹಡಗಿನ ಹೊಟ್ಟೆಯ ಉಪ್ಪುತೇವ ಹೀರಿ ಹಸಿರು ಬೀಜ ಉಬ್ಬಿ, ಹುಳಿ ಕಳೆದು, ಒಣಹುಲ್ಲಿನ ಹಳದಿಗೆ ತಿರುಗುತ್ತಿತ್ತು. ಅಲ್ಲಿಯವರ ನಾಲಿಗೆ ಅದಕ್ಕೇ ಒಗ್ಗಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು, ಉಗಿಹಡಗು ಬಂದು, ಬೀಜ ಹಸಿರಾಗಿಯೇ ತಲುಪಿದಾಗ ಕೊಳ್ಳುವವರು ಹಳೇ ರುಚಿ ಕೇಳಿದರು. ಆಗ ಹಡಗಿನ ಕೆಲಸವನ್ನು ಕರಾವಳಿಯ ಗೋದಾಮುಗಳು ವಹಿಸಿಕೊಂಡವು. ಮಳೆಗಾಲದಲ್ಲಿ ಗೋಡೆ ತೆರೆದ ಗೋದಾಮಿನ ನೆಲಕ್ಕೆ ಚೆರಿ ಕಾಫಿಯ ಬೀಜ ಹರಡಿ, ಹೊರಳಿಸಿ, ಸಡಿಲವಾಗಿ ಮೂಟೆಗೆ ತುಂಬಿ, ಸಾಲುಗಳ ಸಂದಿಯಲ್ಲಿ ಕಡಲಗಾಳಿ ಆಡಲು ಬಿಡುತ್ತಾರೆ. 12ರಿಂದ 16 ವಾರ ಇದೇ ಕೆಲಸ. ಲೋಕ ಅದನ್ನು 'ಮಾನ್ಸೂನ್ಡ್ ಮಲಬಾರ್' ಎನ್ನುತ್ತದೆ. ಆ ಹೆಸರಿನಲ್ಲಿ ಮೂಡಿಗೆರೆಯೂ ಇಲ್ಲ, ಮಂಗಳೂರೂ ಇಲ್ಲ. ನನಗದು ಈಗಲೂ ಸರಿಕಾಣುವುದಿಲ್ಲ.

1974ರಲ್ಲಿ ಪಣಂಬೂರಿನ ಹೊಸ ಬಂದರು ತೆರೆದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಹಳೆ ಬಂದರಿಗೆ ಉಳಿದದ್ದು ಮೀನು, ಮಂಜಿ, ಮೂಟೆ. ನೋಡುವ ಆಸೆಯಿದ್ದವರು ಮೇ ತಿಂಗಳಿಗೆ ಮೊದಲೇ, ಬೆಳಗಿನ ಹೊತ್ತು ಹೋಗಿ. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ, ಮಂಜಿಗಳೂ ಮಳೆ ಮುಗಿಯುವವರೆಗೆ ಕಡಲಿಗಿಳಿಯುವುದಿಲ್ಲ. ಆಗ ಎಡೆಬಿಡದೆ ಕೆಲಸವಿರುವುದು ಕಾಫಿ ಹೊರಳಿಸುವವರಿಗೆ.